ಡಬ್ಬಿಯ ಮೇಲಿನ ಎರಡು ಹೆಸರು

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ಮೂರು ಬಗೆಯ ಸೋಡಾ ಇದ್ದವು. ಬೋಂಡಾ ಹಿಟ್ಟಿಗೆ ಚಿಟಿಕೆ ಬೆರೆಸುವ ಅಡುಗೆ ಸೋಡಾ ಒಂದು. ಅಪ್ಪನ ಅಂಗಿ ಪಂಚೆಗಳನ್ನು ನೆನೆಹಾಕುವ ಬಟ್ಟೆ ಸೋಡಾ ಇನ್ನೊಂದು. ಮೂರನೆಯದು ಅಟ್ಟದ ಮೇಲೆ ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿತ್ತು. ಅದನ್ನು ಅವ್ವ ಬರೀ ‘ಸೋಡಾ’ ಎಂದೇ ಕರೆಯುತ್ತಿದ್ದಳು, ಮುಟ್ಟಬೇಡಿ ಎಂದು ಹೇಳುತ್ತಿದ್ದಳು. ಏಕೆ ಮುಟ್ಟಬಾರದು ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದೊಡ್ಡವರು ಮುಟ್ಟಬೇಡಿ ಎಂದ ವಸ್ತುಗಳು ಆ ಕಾಲದ ಮನೆಗಳಲ್ಲಿ ಎಷ್ಟೋ ಇದ್ದವು. ಬೆಣ್ಣೆಯ ಗಡಿಗೆಯಿಂದ ಹಿಡಿದು ಅಪ್ಪನ ಮಗ್ಗದವರೆಗೆ ಎಲ್ಲಕ್ಕೂ ಅದೇ ಆಜ್ಞೆ.

ನಮ್ಮದು ಕೊಳ್ಳೇಗಾಲ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. 1980ರ ಸುಮಾರಿಗೆ ಕೆಲವು ತಿಂಗಳು ಅವರ ಮಗ್ಗಕ್ಕೆ ಕೆಲಸ ಸಿಗಲಿಲ್ಲ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ, ನಮ್ಮಲ್ಲಿ ಕುಡಿಕೆಯೂ ಇರಲಿಲ್ಲ. ಅವ್ವ ಊರಿನ ಹೆಂಗಸರ ಜೊತೆ ಒಂದು ವಾರದ ತರಬೇತಿಗೆ ಹೋಗಿ ಬಟ್ಟೆ ಸೋಪು ಕಾಯಿಸುವುದನ್ನು ಕಲಿತು ಬಂದಳು. ಹೊಂಗೆ, ಬೇವು, ಹಿಪ್ಪೆಯಂತಹ ತಿನ್ನಲಾಗದ ಎಣ್ಣೆಗಳಿಂದ ಸೋಪು ಮಾಡುವುದನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಗ್ರಾಮೋದ್ಯೋಗಗಳ ಪಟ್ಟಿಯಲ್ಲಿ ಸೇರಿಸಿ ಬೆಳೆಸಿದ ಕಾಲ ಅದು. ನಮ್ಮ ಸೀಮೆಯಲ್ಲಿ ಹೊಂಗೆ ಮರಕ್ಕೆ ಬರವಿಲ್ಲ. ಗಾಣದ ಹೊಂಗೆ ಎಣ್ಣೆ ತಂದು, ಬಣ್ಣದ ಅಂಗಡಿಯಿಂದ ಸೋಡಾ ತಂದು, ಹಿತ್ತಿಲಿನ ಒಲೆಯ ಮೇಲೆ ಅವ್ವ ಸೋಪು ಕಾಯಿಸಿದಳು. ಹಸಿ ಹೊಂಗೆ ಎಣ್ಣೆಯ ವಾಸನೆಗೆ ಮೊದಲ ದಿನ ಪಕ್ಕದ ಮನೆಯವರು ಬಂದು ಏನಾಯಿತೆಂದು ವಿಚಾರಿಸಿಕೊಂಡು ಹೋದರು. ಎರಡನೆಯ ವಾರದ ಹೊತ್ತಿಗೆ ಅವರೇ ಬಿಲ್ಲೆ ಕೊಂಡರು. ನನ್ನ ಪರೀಕ್ಷೆಯ ಶುಲ್ಕ ಕಟ್ಟಿದ್ದು ಆ ಸೋಪಿನ ದುಡ್ಡಿನಿಂದ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದರೆ ಅವ್ವ ಇರಲಿಲ್ಲ, ಗಾಣದವರಲ್ಲಿಗೆ ಹೋಗಿದ್ದಳು. ಸಾಲ ತಂದ ದುಡ್ಡಿನಲ್ಲಿ ಎಣ್ಣೆ ಕೊಳ್ಳುವುದಿತ್ತು. ಅವಳು ಬರುವಷ್ಟರಲ್ಲಿ ಸೋಡಾ ನೀರು ತಯಾರಿಟ್ಟರೆ ಸಂಜೆಯೊಳಗೆ ಸೋಪು ಆಗುತ್ತದೆ, ಅವ್ವನಿಗೆ ಒಂದು ಕೆಲಸ ಕಡಿಮೆಯಾಗುತ್ತದೆ ಎಂದುಕೊಂಡೆ. ಅಟ್ಟದಿಂದ ಡಬ್ಬಿ ಇಳಿಸಿದೆ. ಅವ್ವ ಯಾವಾಗಲೂ ಮಣ್ಣಿನ ಬಾನಿ ಹಿಡಿಯುತ್ತಿದ್ದಳು. ಅದು ಭಾರ ಎಂದು ನಾನು ಹಗುರವಾದ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಂಡೆ. ಸೋಡಾದ ಬಿಳಿ ಹಳಕುಗಳನ್ನು ಪಾತ್ರೆಗೆ ಸುರಿದು, ಅದರ ಮೇಲೆ ಚೊಂಬಿನಿಂದ ನೀರು ಹೊಯ್ದೆ.

ಹಳಕುಗಳು ಒಮ್ಮೆಲೇ ಗಂಟುಕಟ್ಟಿ ಬುಸುಗುಟ್ಟಿದವು. ಪಾತ್ರೆಯ ಒಳಮೈ ಕಪ್ಪಾಗಿ, ನೊರೆ ಮೇಲೆದ್ದು, ಕಣ್ಣು ಮೂಗು ಉರಿಯುವ ಹಬೆ ಬಂತು. ನಾನು ಏನಾಗುತ್ತಿದೆ ಎಂದು ಬಗ್ಗಿ ನೋಡುತ್ತಿದ್ದೆ. ಬಾಗಿಲಲ್ಲಿ ಕಾಲಿಟ್ಟ ಅವ್ವ ಎಣ್ಣೆಯ ಡಬ್ಬ ಅಲ್ಲೇ ಬಿಟ್ಟು ಓಡಿಬಂದು ನನ್ನನ್ನು ಪಕ್ಕಕ್ಕೆ ನೂಕಿದಳು. ಆ ಗಳಿಗೆಯಲ್ಲಿ ಪಾತ್ರೆ ಸಿಡಿದು ಕುದಿಯುವ ಸೋಡಾ ನೀರು ಅವಳ ಬಲಗೈ ಮೇಲೆ ಬಿತ್ತು. ನನ್ನ ಮುಖಕ್ಕೆ ಬೀಳಬೇಕಾದದ್ದು ಅದು.

ಅವ್ವ ಕೂಗಲಿಲ್ಲ. ಹಂಡೆಯ ಬಳಿ ಹೋಗಿ ಕೈಯೊಡ್ಡಿ, “ಹೊಯ್ಯಿ ಮಗ, ನೀರ ಹೊಯ್ಯಿ” ಎಂದಳು. ಹಂಡೆ ಬರಿದಾಗುವವರೆಗೆ ಹೊಯ್ದೆ, ಆಮೇಲೆ ತಮ್ಮ ಬೀದಿಯ ನಲ್ಲಿಯಿಂದ ಕೊಡ ಕೊಡವಾಗಿ ತಂದ. ಯಾರೋ ನಿಂಬೆಹಣ್ಣು ಹಿಡಿದು ಬಂದರು, ಯಾರೋ ಹುಣಸೆಹುಳಿ ಕಲಸಿದರು. ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಒಂದೇ ಮಾತನ್ನು ಅವ್ವ ಹಿಡಿದುಕೊಂಡಿದ್ದಳು: ಬಿದ್ದರೆ ನೀರು, ಮತ್ತೆ ನೀರು. ಆಸ್ಪತ್ರೆಯಲ್ಲಿ ಗಾಯ ಕಟ್ಟಿದವರು, ನೀರು ಹೊಯ್ದದ್ದಕ್ಕೆ ಇಷ್ಟರಲ್ಲಿ ಉಳಿಯಿತು, ಹುಳಿ ಹಾಕಿದ್ದರೆ ಆ ಶಾಖಕ್ಕೆ ಇನ್ನೂ ಸುಡುತ್ತಿತ್ತು ಎಂದರು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಕಲೆ ಮಾತ್ರ ಮಾಯಲಿಲ್ಲ.

ಆ ತಿಂಗಳೇ ಶಾಲೆಯಲ್ಲಿ ಆಮ್ಲ, ಕ್ಷಾರಗಳ ಮೇಲೆ ಕಿರುಪರೀಕ್ಷೆ ನಡೆದಿತ್ತು. ನನಗೆ ಇಪ್ಪತ್ತೈದಕ್ಕೆ ಇಪ್ಪತ್ತಮೂರು. “ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗ ಅಧಿಕ ಉಷ್ಣ ಬಿಡುಗಡೆಯಾಗುತ್ತದೆ. ಇದು ಚರ್ಮವನ್ನು ಸುಡುತ್ತದೆ” ಎಂದು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದೆ. ಆಸ್ಪತ್ರೆಯಿಂದ ಬಂದ ರಾತ್ರಿ ಅವ್ವ ನನ್ನನ್ನು ಬೈಯಲಿಲ್ಲ. ಗೋಡೆಗೆ ಒರಗಿ ಕುಳಿತು, “ನಿಮ್ಮ ಪುಸ್ತಕದೊಳಗ ಇದು ಬರ್ದಿರ್ನಿಲ್ವ ಮಗ?” ಎಂದು ಕೇಳಿದಳು.

ಬರೆದಿತ್ತು. ಆದರೆ ಪುಸ್ತಕದ ಸೋಡಿಯಂ ಹೈಡ್ರಾಕ್ಸೈಡ್ ಬೇರೆ, ನಮ್ಮ ಅಟ್ಟದ ಡಬ್ಬಿಯ ಸೋಡಾ ಬೇರೆ ಎಂದು ನಾನು ತಿಳಿದಿದ್ದೆ. ನಿಜವಾಗಿ ನೋಡಿದರೆ ಹಾಗೆಂದು ತಿಳಿದೂ ಇರಲಿಲ್ಲ, ಅವೆರಡೂ ಒಂದೇ ಇರಬಹುದೆ ಎಂಬ ಪ್ರಶ್ನೆಯೇ ನನ್ನ ತಲೆಗೆ ಬಂದಿರಲಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಇರುವುದು ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ, ಉತ್ತರಪತ್ರಿಕೆಯಲ್ಲಿ, ಹೆಚ್ಚೆಂದರೆ ಇಂಗ್ಲೆಂಡಿನಲ್ಲಿ. ನಮ್ಮ ಅಟ್ಟದ ಮೇಲೆ ಅದಕ್ಕೇನು ಕೆಲಸ?

ಮರುದಿನ ಅಪ್ಪ ಒಂದು ಕೆಲಸ ಮಾಡಿದರು. ಅವರು ಓದಿದ್ದು ನಾಲ್ಕನೆಯ ತರಗತಿ. ಬಾನಿಯಲ್ಲಿ ಸರಿಯಾದ ಕ್ರಮದಲ್ಲಿ ಸ್ವಲ್ಪ ಸೋಡಾ ನೀರು ಮಾಡಿ, ಕಬ್ಬಿಣದ ಬಾಣಲೆಯಲ್ಲಿ ಬಿಸಿಗಿಟ್ಟು, ಮಗ್ಗದ ಅಡಿಯಲ್ಲಿ ಬಿದ್ದಿದ್ದ ರೇಷ್ಮೆ ಎಳೆಗಳ ಒಂದು ಗುಂಜನ್ನು ಕಡ್ಡಿಯಿಂದ ಅದರೊಳಗೆ ಅದ್ದಿದರು. ನಮ್ಮನ್ನು ಮಾರು ದೂರ ನಿಲ್ಲಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಎಳೆ ಲೋಳೆಯಾಗಿ, ಆಮೇಲೆ ಇಲ್ಲವೇ ಆಯಿತು. “ರೇಸ್ಮನೇ ಕರಗ್ಸುತ್ತಂದ್ರ ಚರ್ಮ ಬುಟ್ಟದಾ?” ಎಂದರು.

ನೇಕಾರರ ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಹಸಿ ರೇಷ್ಮೆಯನ್ನು ಸೋಪು, ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ಕುದಿಸುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ಹುಳು ತನ್ನ ಎಳೆಗೆ ಸವರಿದ ಅಂಟು ಹಾಗೆ ಬೇಯಿಸಿದಾಗ ಬಿಡುತ್ತದೆ. ನೂರು ತೂಕದ ರೇಷ್ಮೆ ಎಪ್ಪತ್ತೈದಕ್ಕೆ ಇಳಿಯುತ್ತದೆ, ಉಳಿದದ್ದು ಮೆತ್ತಗಾಗಿ ಹೊಳೆಯುತ್ತದೆ. ಮೃದುವಾದ ಕ್ಷಾರ ಅಂಟನ್ನಷ್ಟೇ ತೆಗೆಯಿತು, ಉಗ್ರವಾದ ಕ್ಷಾರ ರೇಷ್ಮೆಯನ್ನೇ ತಿಂದುಹಾಕಿತು. ರೇಷ್ಮೆಯೂ ಪ್ರೋಟೀನು, ನಮ್ಮ ಚರ್ಮವೂ ಪ್ರೋಟೀನು ಎಂಬುದನ್ನು ನಾನು ಓದಿದ್ದು ಕಾಲೇಜಿಗೆ ಹೋದ ಮೇಲೆ. ಕಂಡದ್ದು ಮಾತ್ರ ಅಪ್ಪನ ಬಾಣಲೆಯಲ್ಲಿ.

ಆ ದಿನವೇ ಅವ್ವ ನನ್ನ ಕೈಗೆ ಬಣ್ಣದ ಕಡ್ಡಿ ಕೊಟ್ಟು ಡಬ್ಬಿಯ ಮೇಲೆ ಬರೆಸಿದಳು. ಮೊದಲ ಸಾಲಿನಲ್ಲಿ ‘ಕಾಸ್ಟಿಕ್ ಸೋಡಾ’, ಎರಡನೆಯ ಸಾಲಿನಲ್ಲಿ ‘ಸೋಡಿಯಂ ಹೈಡ್ರಾಕ್ಸೈಡ್’. ಮೂರನೆಯ ಸಾಲು ಅವ್ವ ಹೇಳಿದ್ದು: ‘ಸುಡುತ್ತದೆ’. ಅಡುಗೆ ಸೋಡಾದ ಡಬ್ಬಿಗೆ ಸೋಡಿಯಂ ಬೈಕಾರ್ಬೊನೇಟ್ ಎಂದೂ ಬಟ್ಟೆ ಸೋಡಾಕ್ಕೆ ಸೋಡಿಯಂ ಕಾರ್ಬೊನೇಟ್ ಎಂದೂ ಬರೆದದ್ದಾಯಿತು. ಅವ್ವನಿಗೆ ಕೂಡಿಸಿ ಓದಲು ಕಷ್ಟ. ಆದರೂ ಯಾವ ಡಬ್ಬಿಗೆ ಎಷ್ಟು ಸಾಲು ಎಂದು ನೋಡಿ ಗುರುತು ಹಿಡಿಯುತ್ತಿದ್ದಳು. ಕೈ ಮಾಗಿದ ಮೇಲೆ ಮತ್ತೆ ಸೋಪು ಕಾಯಿಸಿದಳು. ನಾನು ಪಿಯುಸಿ ಮುಗಿಸುವವರೆಗೂ ಕಾಯಿಸಿದಳು.

ಮುಂದೆ ನಾನು ವಿಜ್ಞಾನದ ಮೇಷ್ಟರಾದೆ. ಹೆಂಗಸಾದರೂ ಹಳ್ಳಿಯ ಹಿರಿಯರ ಬಾಯಲ್ಲಿ ನಾನು ‘ಮೇಷ್ಟ್ರಮ್ಮ’. 1990ರಲ್ಲಿ ಮೊದಲು ಕೆಲಸಕ್ಕೆ ಸೇರಿದ್ದು ಹನೂರಿನ ಕಡೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯ ಆ ಊರು ಆಗ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ನಮ್ಮ ಬಾಡಿಗೆ ಮನೆಗೆ ಬೋರ್‌ವೆಲ್ ನೀರು. ಅವ್ವ ಪ್ರೀತಿಯಿಂದ ಕಟ್ಟಿಕೊಟ್ಟ ಸೋಪನ್ನು ಎಷ್ಟು ತಿಕ್ಕಿದರೂ ನೊರೆ ಬಾರದು. ನೀರಿನ ಮೇಲೆ ಒಡೆದ ಹಾಲಿನಂತೆ ಬಿಳಿಯ ಚೂರುಗಳು ತೇಲುತ್ತಿದ್ದವು. ಸೋಪು ಕೆಟ್ಟಿದೆಯೆಂದು ಅವ್ವನಿಗೆ ಕಾಗದ ಬರೆಯಲು ಹೊರಟಿದ್ದೆ.

ಅದೇ ವಾರ ತರಗತಿಯಲ್ಲಿ ‘ಕಠಿಣ ಜಲ’ದ ಪಾಠ. “ಕಠಿಣ ಜಲ ಎಂದರೇನು?” ಎಂದು ಕೇಳಿದೆ. ಒಬ್ಬ ಹುಡುಗ ಎದ್ದುನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುವ ನೀರು ಎಂದು ಗಿಳಿಪಾಠ ಒಪ್ಪಿಸಿದ. “ನೀನು ಅಂತಹ ನೀರನ್ನು ನೋಡಿದ್ದೀಯಾ?” ಎಂದರೆ, “ಇಲ್ಲ ಮಿಸ್” ಎಂದ. ಅವನು ಬೆಳಿಗ್ಗೆ ಅದೇ ನೀರಿನಲ್ಲಿ ಮುಖ ತೊಳೆದು ಬಂದಿದ್ದ. ಅವರ ಮನೆಯಲ್ಲಿ ಅದಕ್ಕೆ ‘ಉಪ್ಪುನೀರು’ ಎಂದು ಹೆಸರು.

ನನಗೆ ಅಟ್ಟದ ಡಬ್ಬಿ ನೆನಪಾಯಿತು. ಮರುದಿನ ಎಲ್ಲರೂ ತಮ್ಮ ತಮ್ಮ ಮನೆಯ ನೀರನ್ನು ಸೀಸೆಯಲ್ಲಿ ತರಬೇಕೆಂದು ಹೇಳಿದೆ. ಬೋರಿನ ನೀರು, ಕೆರೆಯ ನೀರು, ಬಾವಿಯ ನೀರು ಬಂತು. ಒಬ್ಬಳು ಹಿಂದಿನ ರಾತ್ರಿಯ ಮಳೆಯಲ್ಲಿ ಸೂರಿನ ಕೆಳಗೆ ಪಾತ್ರೆಯಿಟ್ಟು ಹಿಡಿದ ನೀರು ತಂದಳು. ಅವ್ವನ ಸೋಪನ್ನು ತುರಿದು ಕರಗಿಸಿ, ಒಂದೊಂದು ಸೀಸೆಗೂ ಹನಿ ಹನಿಯಾಗಿ ಹಾಕಿ ಕುಲುಕುತ್ತ, ನೊರೆ ನಿಲ್ಲಲು ಎಷ್ಟು ಹನಿ ಬೇಕೆಂದು ಮಕ್ಕಳು ಎಣಿಸಿದರು. ಮಳೆ ನೀರಿನಲ್ಲಿ ಕೆಲವೇ ಹನಿಗೆ ನೊರೆ ಎದ್ದಿತು. ಬೋರಿನ ನೀರು ಹನಿಗಳನ್ನು ನುಂಗುತ್ತಲೇ ಹೋಯಿತು. ಕರಗಿದ ಕ್ಯಾಲ್ಸಿಯಂ ಸೋಪನ್ನು ಹಿಡಿದುಕೊಂಡು ಕರಗದ ಬಿಳಿ ಚೂರಾಗಿ ಕೂರುತ್ತದೆ, ಹಾಗೆ ಹಿಡಿದದ್ದೆಲ್ಲ ಮುಗಿದ ಮೇಲೆ ಉಳಿದ ಸೋಪು ಮಾತ್ರ ನೊರೆ ಕೊಡುತ್ತದೆ ಎಂದು ವಿವರಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಹಂಗಾದ್ರ ನಮ್ಮವ್ವ ದಿನಾ ನೀರ್ಗೂ ಸೋಪು ತಿನ್ನಿಸ್ತಾವಳ ಮಿಸ್” ಎಂದಳು. ಕಠಿಣ ಜಲಕ್ಕೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಅವ್ವನಿಗೆ ಬರೆಯಬೇಕೆಂದಿದ್ದ ಕಾಗದ ಬರೆಯಲಿಲ್ಲ.

ಎಷ್ಟೋ ವರ್ಷಗಳ ನಂತರ ಯಳಂದೂರಿನ ಕಡೆಗೆ ವರ್ಗವಾಯಿತು. ಬಿಳಿಗಿರಿರಂಗನ ಬೆಟ್ಟ ಕಣ್ಣೆದುರಿಗೇ ಇರುವ ಊರು. ಬೆಟ್ಟದ ಪೋಡುಗಳಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಸೋಲಿಗರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅವರಲ್ಲೊಬ್ಬ ಹುಡುಗ ಮಾತೇ ಆಡುತ್ತಿರಲಿಲ್ಲ. ಅಂಕಗಳೂ ಅಷ್ಟಕ್ಕಷ್ಟೆ. ನಾನು ಹನೂರಿನ ಸೀಸೆಗಳ ಪ್ರಯೋಗವನ್ನು ಅಲ್ಲೂ ಮಾಡಿಸಿದ ಮರುವಾರ, ಊರಿಗೆ ಹೋಗಿ ಬಂದವನು ಜೇಬಿನಿಂದ ಒಂದು ಹಿಡಿ ಒಣ ಕಾಯಿ ತೆಗೆದು ಮೇಜಿನ ಮೇಲಿಟ್ಟು, “ಇದ್ನ ಹಾಕಿ ನೋಡಿ ಮಿಸ್” ಎಂದ. ಅಂಟುವಾಳದ ಕಾಯಿ.

ಬೀಜ ತೆಗೆದು ಸಿಪ್ಪೆ ನೆನೆಸಿದೆವು. ಗಡಸು ನೀರಿನ ಸೀಸೆಗೆ ಆ ನೀರು ಹಾಕಿ ಕುಲುಕಿದರೆ ನೊರೆ ಕುತ್ತಿಗೆಯವರೆಗೆ ಎದ್ದಿತು. ಬಿಳಿ ಚೂರು ಒಂದೂ ಇಲ್ಲ. ತರಗತಿ ಚಪ್ಪಾಳೆ ತಟ್ಟಿತು. ಏಕೆ ಹೀಗೆ ಎಂದು ಮಕ್ಕಳು ಕೇಳಿದರೆ ನನಗೆ ಆ ಗಳಿಗೆಯಲ್ಲಿ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮೇಷ್ಟರು ಆಡಬಹುದಾದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು. ಅಂಟುವಾಳದ ಸಿಪ್ಪೆಯಲ್ಲಿರುವುದು ನಾವು ಕಾಯಿಸುವ ಸೋಪಲ್ಲ, ಸ್ಯಾಪೊನಿನ್ ಎಂಬ ಬೇರೆಯೇ ವಸ್ತು. ಅದು ಕ್ಯಾಲ್ಸಿಯಂ ಜೊತೆ ಸೇರಿ ಸೋಪಿನಂತೆ ಒಡೆಯುವುದಿಲ್ಲ. ನಮ್ಮ ಸೀಗೆಕಾಯಿಯಲ್ಲಿರುವುದೂ ಅದೇ ಜಾತಿಯದು. ಕ್ಷಾರದ ಕಾಟವಿಲ್ಲದ್ದರಿಂದ ರೇಷ್ಮೆ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಒಗೆಯುವುದನ್ನು ನಮ್ಮ ಅಜ್ಜಿಯರು ರೂಢಿಸಿಕೊಂಡಿದ್ದರು. ಇನ್ನೂ ಸ್ವಾರಸ್ಯವೆಂದರೆ ಈ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ‘ಸಾಪಿಂಡಸ್’ ಎಂಬ ಹೆಸರಿನ ಅರ್ಥವೇ ಭಾರತದ ಸೋಪು. ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಲ್ಯಾಟಿನ್ ಹೆಸರು ಹೊತ್ತು ಕುಳಿತದ್ದು ಆ ಹುಡುಗನ ಜೇಬಿನಲ್ಲಿತ್ತು.

ಅಂದಿನಿಂದ ಅವನು ತರಗತಿಯಲ್ಲಿ ಮಾತನಾಡಲು ಶುರುಮಾಡಿದ. ಅಂಟುವಾಳ, ಸೀಗೆ, ನೆಲ್ಲಿ, ಜೇನು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿರಲಿಲ್ಲ, ಕಾಲುಪಾಠವಾಗಿತ್ತು. ಆ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಸಮುದಾಯ ಹಕ್ಕು ಸೋಲಿಗರ ಗ್ರಾಮಸಭೆಗಳಿಗೆ ಸಿಕ್ಕಿತು. ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಮೇಜಿನ ಮೇಲಿನ ಆ ಒಂದು ಹಿಡಿ ಕಾಯಿ.

ಇಷ್ಟೆಲ್ಲ ಹೇಳಲು ಕಾರಣವಿದೆ. ಈಗ ನಾನು ನಿವೃತ್ತಳು. ಕಳೆದ ರಜೆಯಲ್ಲಿ ಕೊಳ್ಳೇಗಾಲದ ಮನೆಗೆ ಹೋಗಿದ್ದೆ. ತಮ್ಮನ ಮಗಳು ಹತ್ತನೇ ತರಗತಿ. ಅವಳ ವಿಜ್ಞಾನದ ಪುಸ್ತಕ ತಿರುವಿ ಹಾಕಿದೆ. ಆಮ್ಲ, ಪ್ರತ್ಯಾಮ್ಲಗಳ ಒಂದೇ ಅಧ್ಯಾಯದಲ್ಲಿ ನಮ್ಮ ಮನೆಯ ಮೂರೂ ಸೋಡಾ ಸಾಲಾಗಿ ಕುಳಿತಿವೆ. ಕಾರ್ಬನ್ನಿನ ಪಾಠದ ಕೊನೆಯಲ್ಲಿ ಸೋಪಿನ ಕಥೆಯಿದೆ. ಅಂಕ ಕೇಳಿದೆ, ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು. ನನಗಿಂತ ಒಂದು ಹೆಚ್ಚು! “ಮನೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇದೆಯೇನೆ?” ಎಂದೆ. “ಅದೆಲ್ಲ ಲ್ಯಾಬಲ್ಲಿ ಇರುತ್ತೆ ಅತ್ತೆ” ಎಂದಳು. ಬಚ್ಚಲುಮನೆಯ ಕಿಟಕಿಯಲ್ಲಿ ಕಟ್ಟಿದ ಕೊಳವೆ ಬಿಡಿಸುವ ಪುಡಿಯ ಪೊಟ್ಟಣವಿತ್ತು. ತಂದು ಅದರ ಮೇಲಿನ ಸಣ್ಣ ಅಕ್ಷರ ಓದಿಸಿದೆ. ಅವಳು ಓದಿ, ಪೊಟ್ಟಣವನ್ನು ಮೆಲ್ಲನೆ ಕೆಳಗಿಟ್ಟು ಕೈ ಒರೆಸಿಕೊಂಡಳು. ನಲವತ್ತೈದು ವರ್ಷ ಕಳೆದರೂ ಡಬ್ಬಿ ಅಟ್ಟದಿಂದ ಬಚ್ಚಲುಮನೆಗೆ ಬಂದಿತ್ತೇ ಹೊರತು ಪುಸ್ತಕದ ಹತ್ತಿರ ಬಂದಿರಲಿಲ್ಲ.

“ನಾಳೆ ಸೋಪು ಮಾಡೋಣ” ಎಂದೆ. ತಮ್ಮ ಒಪ್ಪಲಿಲ್ಲ. “ಬೇಡ ಅಕ್ಕ, ಪರೀಕ್ಷೆ ಹತ್ರ ಬಂತು. ಅವ್ವನ ಕೈ ನೋಡಿಯೂ ಹೀಗನ್ನುತ್ತೀಯಲ್ಲ” ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಅಂದು ನಲ್ಲಿಯಿಂದ ಕೊಡ ಹೊತ್ತವನು ಅವನೇ. ಜಗಲಿಯಲ್ಲಿ ಕುಳಿತಿದ್ದ ಅವ್ವ ಕೇಳಿಸಿಕೊಂಡಳು. ಅವಳಿಗೆ ಎಂಬತ್ತು. “ಮಾಡ್ಲಿ ಬುಡು. ಗೊತ್ತಿಲ್ದೆ ಮುಟ್ದವ್ರ ಕೈಯೇ ಸುಡದು” ಎಂದಳು. ತಮ್ಮ ಮತ್ತೆ ಮಾತನಾಡಲಿಲ್ಲ. ಆದರೆ ಮರುದಿನ ಮೂರು ಜೊತೆ ರಬ್ಬರ್ ಕೈಗವಸು, ಕಣ್ಣಿಗೆ ಹಾಕುವ ಕನ್ನಡಕ ತಂದಿಟ್ಟು, ತಾನೂ ಪಕ್ಕದಲ್ಲೇ ನಿಂತ.

ಮಾಡಿದ್ದು ಹೀಗೆ. ಅರ್ಧ ಕಿಲೊ ಕೊಬ್ಬರಿ ಎಣ್ಣೆ, ಅರ್ಧ ಕಿಲೊ ಹೊಂಗೆ ಎಣ್ಣೆ. ಒಂದೊಂದು ಎಣ್ಣೆಯ ಹಸಿವು ಒಂದೊಂದು ಬಗೆ. ಒಂದು ಕಿಲೊ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಹೊಂಗೆಗೆ ಸುಮಾರು 132 ಗ್ರಾಂ ಸಾಕು. ನಮ್ಮ ಲೆಕ್ಕಕ್ಕೆ 158 ಗ್ರಾಂ ಬರುತ್ತದೆ. ಅದರಲ್ಲಿ ನೂರಕ್ಕೆ ಐದರಷ್ಟು ಕಡಿಮೆ ಮಾಡಿ 150 ಗ್ರಾಂ ಹಿಡಿದೆವು. ಎಣ್ಣೆ ಸ್ವಲ್ಪ ಉಳಿದರೆ ತೊಂದರೆಯಿಲ್ಲ, ಸೋಡಾ ಉಳಿದರೆ ಕೈ ಸುಡುತ್ತದೆ. ಈ ಲೆಕ್ಕವನ್ನು ಹುಡುಗಿಯೇ ಮಾಡಿದಳು. ಎಲ್ಲವನ್ನೂ ತೂಕದಿಂದಲೇ ಅಳೆಯಬೇಕು. ಲೋಟದ ಲೆಕ್ಕ, ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಪಾತ್ರೆ ಸ್ಟೀಲಿನದು. ಅಲ್ಯೂಮಿನಿಯಂ ಆದರೆ ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಬೆಂಕಿಗೆ ಹತ್ತಿಕೊಳ್ಳುವಂಥದ್ದು. ಹಿತ್ತಿಲಿನ ಗಾಳಿಯಲ್ಲಿ 350 ಗ್ರಾಂ ತಣ್ಣೀರಿಟ್ಟು, ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿದೆವು. ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ. ಒಲೆಯಿಲ್ಲದೆ ಪಾತ್ರೆ ಕೈಯಿಡಲಾರದಷ್ಟು ಬಿಸಿಯಾದದ್ದನ್ನು ಕಂಡು ಹುಡುಗಿ, “ಉಷ್ಣ ಬಿಡುಗಡೆ ಅಂದ್ರೆ ಇದಾ!” ಎಂದಳು. ಬೆಚ್ಚಗಿನ ಎಣ್ಣೆಗೆ ಅದನ್ನು ನಿಧಾನವಾಗಿ ಹೊಯ್ದು ಕಡೆದರೆ ದೋಸೆಹಿಟ್ಟಿನ ಹದಕ್ಕೆ ಬಂತು. ಪಾತ್ರೆಯನ್ನು ಕುದಿಯುವ ನೀರಿನ ಇನ್ನೊಂದು ದೊಡ್ಡ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು ಎರಡು ಗಂಟೆ ಬೇಯಿಸಿದೆವು. ಬೇಯಿಸದೆಯೂ ಸೋಪು ಮಾಡಬಹುದು, ಆದರೆ ಅದು ಬಳಕೆಗೆ ಬರಲು ನಾಲ್ಕಾರು ವಾರ ಕಾಯಬೇಕು. ಬೇಯಿಸಿದರೆ ಎಣ್ಣೆ, ಸೋಡಾಗಳ ಕೂಡಾವಳಿ ಒಲೆಯ ಮೇಲೆಯೇ ಮುಗಿಯುತ್ತದೆ.

ಆ ಎರಡು ಗಂಟೆಯಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಕಥೆ ಹೇಳಿದೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರಕ್ಕೆ ಹೊರದೇಶದ ಮಾರುಕಟ್ಟೆ ತಪ್ಪಿತು. ಹಾಗಾದರೆ ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು 1916ರಲ್ಲಿ ಸಂಸ್ಥಾನ ಹೊರಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಸೋಪಿನ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಆರಂಭವಾಯಿತು. “ನಮ್ಮೂರ ಗಂಧದ ಮರವನ್ನೂ ಹಾಕಿದ್ದರಾ?” ಎಂದು ಹುಡುಗಿ ಕೇಳಿದಳು. ನಮ್ಮೂರು ಆಗ ಮೈಸೂರಿನದಲ್ಲ ಮಗ, 1956ರವರೆಗೂ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂದೆ. ಸೋಪಿನ ಪಾತ್ರೆಯ ಮುಂದೆ ಚರಿತ್ರೆಯ ಪಾಠವೂ ಆಯಿತು.

ಪಾತ್ರೆಯಲ್ಲಿ ಮೊದಲು ಕಿವುಚಿದ ಆಲೂಗಡ್ಡೆಯಂತಿದ್ದದ್ದು ಕೊನೆಗೆ ಹಲ್ವದಂತೆ ಮಿರಿಮಿರಿ ಆಯಿತು. ಚೂರು ತೆಗೆದು ನೀರಿನಲ್ಲಿ ಕರಗಿಸಿ ಪಿಎಚ್ ಕಾಗದ ಅದ್ದಿದರೆ ಒಂಬತ್ತು ಹತ್ತರ ನಡುವಿನ ಬಣ್ಣ. ಒಳ್ಳೆಯ ಸೋಪಿಗೆ ಅದೇ ಲಕ್ಷಣ. ಹನ್ನೊಂದು ದಾಟಿದರೆ ಇನ್ನೂ ಬೇಯಬೇಕು ಅಥವಾ ತೂಕ ತಪ್ಪಿದೆ ಎಂದು ಅರ್ಥ. ಮರದ ಪೆಟ್ಟಿಗೆಗೆ ಬೆಣ್ಣೆಕಾಗದ ಹಾಸಿ ಸುರಿದು, ಮರುದಿನ ಕೊಯ್ದು, ಗಾಳಿಗೆ ಎರಡು ವಾರ ಒಣಗಿಸಿದೆವು. ಬಟ್ಟೆಗೆ ಚೆನ್ನಾಗಿದೆ. ವಾಸನೆಯ ಬಗ್ಗೆ ಮಾತ್ರ ಏನೂ ಕೇಳಬೇಡಿ, ಹೊಂಗೆ ಹೊಂಗೆಯೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನು ಓದಿ ಯಾರೂ ಒಬ್ಬರೇ ಡಬ್ಬಿ ಇಳಿಸಬೇಡಿ. ದೊಡ್ಡವರು ಪಕ್ಕದಲ್ಲಿರಲಿ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ, ಚಿಕ್ಕ ಮಕ್ಕಳು ದೂರವಿರಲಿ. ಮೈಮೇಲೆ ಬಿದ್ದರೆ ನಿಂಬೆ ಹುಣಸೆ ಬೇಡ. ಸೋಡಾ ತಾಗಿದ ಬಟ್ಟೆ ಕಳಚಿ, ಕನಿಷ್ಠ ಇಪ್ಪತ್ತು ನಿಮಿಷ ಹರಿಯುವ ನೀರು ಬಿಟ್ಟು, ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಬಿದ್ದರಂತೂ ಒಂದು ಗಳಿಗೆಯೂ ತಡಮಾಡದೆ ನೀರು ಹಾಯಿಸಬೇಕು.

ತಾಯಿತಂದೆಯರಿಗೆ ಹೇಳುವುದು ಇನ್ನೂ ಚಿಕ್ಕದು. ಮಗುವಿನ ಅಂಕಪಟ್ಟಿ ನೋಡಿದ ಮೇಲೆ ಅದನ್ನು ಅಡುಗೆಮನೆಗೆ, ಬಚ್ಚಲುಮನೆಗೆ ಕರೆದುಕೊಂಡು ಹೋಗಿ, ನೀನು ಓದಿದ್ದು ಇಲ್ಲಿ ಯಾವುದು ಎಂದು ಒಮ್ಮೆ ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ನಮ್ಮವ್ವನಿಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಬರೆದಿರಲಿಲ್ಲವೆ ಎಂದು ಅವಳು ಕೇಳಿದಳು, ಅಷ್ಟೆ. ಆ ಒಂದು ಪ್ರಶ್ನೆಯನ್ನೇ ಮೂವತ್ತೈದು ವರ್ಷ ನಾನು ಮಕ್ಕಳಿಗೆ ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇನೆ.

ಉಳಿದ ಸೋಡಾವನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಹುಡುಗಿ ಅದರ ಮೇಲೆ ಚೀಟಿ ಅಂಟಿಸಿ ಎರಡು ಹೆಸರೂ ಬರೆದಳು. ಅವ್ವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಇನ್ನೊಂದ್ಸಾಲು ಬುಟ್ಬುಟ್ಟಿದ್ದೀಯ ಕನವ್ವ” ಎಂದಳು. ಹುಡುಗಿ ಅಜ್ಜಿಯ ಬಲಗೈ ಕಡೆ ಒಮ್ಮೆ ನೋಡಿ, ಲೇಖನಿ ತೆಗೆದು ಮೂರನೆಯ ಸಾಲನ್ನೂ ಬರೆದಳು.